ಮೈದುನ ಮಾಡಿದ ತಿರುವು ಟೇಬಲ್ಲುಗಳು

ಒಂದು ಸೆಂಟಿಮೀಟರ್ ಎಂದರೆ ಕಿರುಬೆರಳಿನ ಉಗುರಿನಷ್ಟು ಅಗಲ. ಅಷ್ಟಕ್ಕೆ ನಾನು ನನ್ನ ಮೈದುನನನ್ನು ಇಡೀ ಕ್ಲಬ್ಬಿನ ಮುಂದೆ ಬಾಯಿಗೆ ಬಂದಂತೆ ಬೈದೆ. ಬೈದದ್ದು ಸರಿಯೇ ಎಂದು ಮೂರು ವಾರ ನಂಬಿಕೊಂಡೂ ಇದ್ದೆ.

ನಾನು ಬಡಗಿ. ಅಪ್ಪ ನಡೆಸುತ್ತಿದ್ದ ಮರಗೆಲಸದ ಶೆಡ್ಡನ್ನು ಅವರ ನಂತರ ಮೂವತ್ತೊಂದು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಜನ ಬೆನ್ನ ಹಿಂದೆ ನನ್ನನ್ನು ‘ಮೂಲೆಮಟ್ಟ’ ಎನ್ನುತ್ತಾರೆ. ಮರದ ಮೂಲೆ ನೇರವಾಗಿದೆಯೋ ಇಲ್ಲವೋ ಎಂದು ಹಿಡಿದು ನೋಡುವ ಕಬ್ಬಿಣದ ಸಾಧನ ಅದು. ಆಡಿಕೊಳ್ಳಲೆಂದು ಇಟ್ಟ ಹೆಸರು, ನನಗೆ ಹೊಗಳಿಕೆಯ ಹಾಗೆಯೇ ಕೇಳಿಸುತ್ತಿತ್ತು.

ನಮ್ಮದೊಂದು ಸ್ಲಾಟ್ ಕಾರ್ ಕ್ಲಬ್ಬಿದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಬೆರಳುದ್ದದ ಕಾರುಗಳು, ಟೇಬಲ್ಲಿನ ಮೇಲೆ ಕೊರೆದ ಸೀಳಿನೊಳಗೆ ಕಾರಿನ ಹೊಟ್ಟೆಯ ಕೆಳಗಿರುವ ಸಣ್ಣ ನಾಲಿಗೆ ಕೂರುತ್ತದೆ. ಸೀಳಿನ ಎರಡೂ ಬದಿಗೆ ಅಂಟಿಸಿದ ತಾಮ್ರದ ಪಟ್ಟಿಯಿಂದ ಕರೆಂಟು ಹರಿಯುತ್ತದೆ, ಕೈಯಲ್ಲಿರುವ ಗುಂಡಿ ಒತ್ತಿದಷ್ಟೂ ವೇಗ. ನಮ್ಮಲ್ಲೊಬ್ಬ ಬಸ್ ಡ್ರೈವರ್ ಇದ್ದಾನೆ. ವಾರವಿಡೀ ಬಸ್ಸು ಓಡಿಸಿ ಭಾನುವಾರ ಇಲ್ಲಿಗೆ ಬಂದರೂ ಪ್ರತಿ ತಿರುವಿನಲ್ಲಿ ನಿಧಾನಿಸುತ್ತಾನೆ, ಪ್ರತಿ ಸಲವೂ ಕೊನೆಯವನಾಗುತ್ತಾನೆ. ಎಲೆಕ್ಟ್ರಿಷಿಯನ್ ಒಬ್ಬ, ಅವನೇ ನಮ್ಮ ಕಾರ್ಯದರ್ಶಿ. ನಿವೃತ್ತಿಯಾಗಿ ಮನೆಯಲ್ಲಿರುವ ನನ್ನ ಗಂಡ ಇದ್ದಾರೆ, ಅವರ ತಮ್ಮ ಟೈಲರ್ ಇದ್ದಾನೆ, ಇನ್ನು ಮೂವರಿದ್ದಾರೆ.

ನಾವು ಆಡುವ ಹಾಲ್ ನಮ್ಮದಲ್ಲ. ಬೆಳಿಗ್ಗೆ ಜೋಡಿಸಿದ್ದನ್ನು ಸಂಜೆಯೊಳಗೆ ಬಿಚ್ಚಿ ಹೊರಗಿಡಬೇಕು. ಹಾಗಾಗಿ ಇಡೀ ಟ್ರ್ಯಾಕನ್ನು ತುಂಡು ತುಂಡು ಟೇಬಲ್ಲುಗಳಾಗಿ ಮಾಡಿ, ಮಡಚುವ ಕಾಲು ಕೊಟ್ಟು, ಒಂದಕ್ಕೊಂದು ಕೂಡಿಸುವ ವ್ಯವಸ್ಥೆ. ಪ್ರತಿ ಟೇಬಲ್ಲಿನ ತುದಿಪಟ್ಟಿಯಲ್ಲಿ ಎರಡು ತೂತು. ಪಕ್ಕದ ಟೇಬಲ್ಲಿನ ಎರಡು ಗೂಟ ಅದರೊಳಗೆ ಹೋಗಿ ಕೂರಬೇಕು, ಆಮೇಲೆ ಬೋಲ್ಟು ಬಿಗಿಯಬೇಕು. ಗೂಟ ಸರಿಯಾಗಿ ಕೂತರೆ ಸೀಳಿಗೆ ಸೀಳು ಕೂಡುತ್ತದೆ. ಕೂಡದಿದ್ದರೆ ಓಡಿ ಬಂದ ಕಾರು ಹಾರಿ ಯಾರದಾದರೂ ಮೊಣಕಾಲಿಗೆ ಬಡಿಯುತ್ತದೆ.

ಈ ವರ್ಷ ಹೊಳೆಯಾಚೆಯ ಕ್ಲಬ್ಬಿನವರೂ ನಾವೂ ಸೇರಿ ಒಂದು ದೊಡ್ಡ ರೇಸು ಮಾಡುವುದೆಂದಾಯಿತು. ಅರ್ಧ ಟ್ರ್ಯಾಕು ಅವರು ತರಬೇಕು, ಅರ್ಧ ನಾವು. ಎರಡು ಅರ್ಧಗಳೂ ಒಂದೇ ನಕ್ಷೆಯ ಮೇಲೆ ಬೇರೆ ಬೇರೆ ಊರಲ್ಲಿ ತಯಾರಾಗಿ ರೇಸಿನ ದಿನ ಮುಖ ನೋಡಬೇಕು. ನಮ್ಮ ಪಾಲಿಗೆ ಎಂಟು ಟೇಬಲ್ಲು: ಆರು ನೇರ, ಎರಡು ತಿರುವು. ತೂತು ಎಲ್ಲರದೂ ಒಂದೇ ಕಡೆ ಬೀಳಲೆಂದು ನಾನು ಗಟ್ಟಿ ಮರದ ಒಂದು ಅಚ್ಚುಪಟ್ಟಿ ಮಾಡಿದೆ. ಅದನ್ನು ಟೇಬಲ್ಲಿನ ಹೊರ ಅಂಚಿಗೆ ಒತ್ತಿ ಹಿಡಿದು, ಅದರ ತೂತಿನೊಳಗೇ ಡ್ರಿಲ್ ಇಳಿಸಿದರೆ ಆಯಿತು, ಯಾರೂ ಟೇಪು ಮುಟ್ಟಬೇಕಾಗಿಲ್ಲ. ಪಟ್ಟಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಯಿತು. "ಕಣ್ಣು ಮುಚ್ಕೊಂಡು ಕೊರೀರಿ. ನಿಮ್ಮ ತಲೆ ಓಡಿಸ್ಬೇಡಿ" ಎಂದು ಎಲ್ಲರಿಗೂ ಹೇಳಿದ್ದೆ.

ತಿರುವು ಟೇಬಲ್ಲು ಮೈದುನನ ಪಾಲಿಗೆ ಬಂತು. ತಿರುವಿನ ಸೀಳನ್ನು ಸಣ್ಣ ರೌಟರ್ ಮೆಷಿನ್ನಿನಿಂದ ಕೈಯಲ್ಲೇ ಕೊರೆಯಬೇಕು, ಎಲ್ಲೂ ಸೊಟ್ಟಗಾಗಬಾರದು. ನಲವತ್ತು ವರ್ಷ ತೋಳು, ಕುತ್ತಿಗೆ, ಕಂಕುಳು ಎಂದು ಬಟ್ಟೆಯ ಬಳುಕನ್ನೇ ಕತ್ತರಿಸಿದ ಕೈ ಅವನದು. ಮೂರು ತಿಂಗಳು ಕೂತು ಎರಡು ತಿರುವು ಮಾಡಿ ತಂದ. ಆ ಸೀಳಿನಲ್ಲಿ ಬೆರಳಾಡಿಸಿದರೆ ಎಲ್ಲಿ ನೇರ ಮುಗಿಯಿತು, ಎಲ್ಲಿ ಬಾಗು ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಅದನ್ನು ಅವನಿಗೆ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಜೋಡಿಸುವ ಕೆಲಸ ಶುರುವಾಗಿತ್ತು.

ಆರು ನೇರ ಟೇಬಲ್ಲು ಒಂದಕ್ಕೊಂದು ಚಕಚಕನೆ ಕೂತವು. ಏಳನೆಯದು ಮೈದುನನದು. ಗೂಟ ಸರಾಗ ಒಳಗೆ ಹೋಯಿತು, ಆದರೆ ನಾಲ್ಕು ಕಾರುಗಳ ನಾಲ್ಕು ಸೀಳುಗಳೂ ಒಂದು ಸೆಂಟಿಮೀಟರ್ ಆಚೆ ನಿಂತುಬಿಟ್ಟವು. ಸಾಲಿನ ಇನ್ನೊಂದು ತುದಿಗೆ ಕೂಡಿಸಿದ ಎಂಟನೆಯದೂ ಅಷ್ಟೇ.

ಪಿತ್ತ ನೆತ್ತಿಗೇರಿತು.

"ಅಚ್ಚುಪಟ್ಟಿ ಕೊಟ್ಟಿದ್ದೆ ತಾನೆ? ಏನ್ಮಾಡ್ದೆ ಅದನ್ನ, ಒಲೆಗೆ ಹಾಕಿದ್ಯಾ?"

"ಅತ್ತಿಗೆ, ಒಂದ್ನಿಮಿಷ. ನಾನು ಅದನ್ನ ನಕ್ಷೆ ಜೊತೆ..."

"ನಕ್ಷೆ ನೋಡು ಅಂತ ನಿಂಗೆ ಹೇಳ್ದೋರು ಯಾರು? ಆರು ಜನ ಮಾಡಿದ್ದು ಸರಿಯಾಗಿದೆ, ನಿನ್ನದೊಂದೇ ಸೊಟ್ಟ. ಆರು ಜನಕ್ಕೂ ಕಣ್ಣಿಲ್ಲ ಅಂತೀಯಾ?"

"ಹಾಗಲ್ಲ ಅತ್ತಿಗೆ, ಅಳತೆ..."

"ಅಳತೆ! ಎಳೆದ್ರೆ ಉದ್ದ ಆಗೋ ಬಟ್ಟೆ ಟೇಪಲ್ಲಿ ಅಳೆದಿರ್ತೀಯ. ಒಂದಿಂಚು ಹೆಚ್ಚುಕಡಿಮೆ ಆದ್ರೆ ಬಿಚ್ಚಿ ಹೊಲಿಯೋಕೆ ಇದು ನಿನ್ನ ಪ್ಯಾಂಟಲ್ಲ. ಮೂರು ತಿಂಗಳು ಎಲ್ಲರನ್ನೂ ಕಾಯ್ಸಿ ತಂದಿರೋದು ಇದನ್ನಾ? ನಿಂಗೆ ಕತ್ತರಿ ಸಾಕು, ಮರದ ತಂಟೆಗೆ ಬರ್ಬೇಡ."

ಎಲೆಕ್ಟ್ರಿಷಿಯನ್ ವೈರು ಸುತ್ತುತ್ತಾ ನೆಲ ನೋಡಿದ. ಬಸ್ ಡ್ರೈವರ್ ಕಾರಿನ ಟೈರು ಒರೆಸತೊಡಗಿದ. ಗಂಡ ಕಿಟಕಿಯ ಹತ್ತಿರ ಹೋಗಿ ನಿಂತರು. ಎಲ್ಲರೂ ನನ್ನ ಪರ ಎಂದು ನಾನು ತಿಳಿದೆ. ಮೈದುನ ತನ್ನ ಎರಡು ಟೇಬಲ್ಲಿನ ಬೋಲ್ಟು ತಾನೇ ಬಿಚ್ಚಿ, ಕಾಲು ಮಡಚಿ, ಒಂದೊಂದಾಗಿ ಹೊರಗೆ ಹೊತ್ತುಕೊಂಡು ಹೋದ. ಎರಡನೆಯ ಸಲ ಹೋದವನು ತಿರುಗಿ ಬರಲಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಬುಧವಾರ ಸಂಜೆ ಅಣ್ಣನ ಜೊತೆ ಕೂತು ಟೀ ಕುಡಿಯಲು ಬರುವುದು ಅವನ ರೂಢಿ, ಬುಧವಾರವೂ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

"ಏನ್ರೀ ನಿಮ್ಮ ತಮ್ಮ, ಒಂದು ಮಾತು ಅಂದಿದ್ದಕ್ಕೆ ಮುಖ ಊದಿಸ್ಕೊಂಡು ಕೂತಿದ್ದಾನಲ್ಲ?"

"ಒಂದು ಮಾತಾ?" ಎಂದರು ಗಂಡ. ಪೇಪರಿನಿಂದ ತಲೆ ಎತ್ತಲಿಲ್ಲ.

ಹಟಕ್ಕೆ ಬಿದ್ದು ನಾನೇ ಎರಡು ತಿರುವು ಟೇಬಲ್ಲು ಮಾಡಲು ಕೂತೆ. ಅಚ್ಚುಪಟ್ಟಿ ಹಿಡಿದು ತೂತು ಕೊರೆದೆ, ಗೂಟ ಕೂತಿತು, ಸೀಳೂ ಕೂಡಿತು. ತಿರುವು ಮಾತ್ರ ಕೈಗೆ ಬರಲಿಲ್ಲ. ನನ್ನ ಕೈ ನೇರಗೆರೆಗೆ ಒಗ್ಗಿದ ಕೈ. ಮೂರು ಹಾಳೆ ಪ್ಲೈವುಡ್ ಹಾಳುಮಾಡಿ ನಾಲ್ಕನೆಯದನ್ನು ಹೇಗೋ ಮುಗಿಸಿದೆ. ಮೊದಲ ದಿನವೇ ಬಸ್ ಡ್ರೈವರನ ಕಾರು ಕೂಡ ಅಲ್ಲಿ ಹಾರಿ ಬಿತ್ತು. ಅವನ ಕಾರು ಹಾರಬೇಕಾದರೆ ಟ್ರ್ಯಾಕು ಎಷ್ಟು ಕೆಟ್ಟಿರಬೇಕು, ನೀವೇ ಲೆಕ್ಕ ಹಾಕಿ. "ಸ್ವಲ್ಪ ನಿಧಾನಕ್ಕೆ ಹೋದ್ರೆ ಆಯ್ತು ಬಿಡಿ" ಎಂದ ಅವನು, ನನ್ನ ಮುಖ ನೋಡದೆ.

ರೇಸಿಗೆ ಹನ್ನೆರಡು ದಿನ ಇರುವಾಗ ಹೊಳೆಯಾಚೆಯವರ ಅಧ್ಯಕ್ಷರು ತಮ್ಮ ತುದಿಯ ಟೇಬಲ್ಲನ್ನು ವ್ಯಾನಿನಲ್ಲಿ ಹಾಕಿಕೊಂಡು ನನ್ನ ಶೆಡ್ಡಿಗೆ ಬಂದರು. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಾತು ಬಹಳ ಮೆತ್ತಗೆ. ಒಮ್ಮೆ ಕೂಡಿಸಿ ನೋಡಿಬಿಡೋಣ ಎಂದರು. ಕೂಡಿಸಿದೆವು. ನಾಲ್ಕು ಸೀಳು, ನಾಲ್ಕೂ ಒಂದು ಸೆಂಟಿಮೀಟರ್ ಆಚೆ.

"ನಿಮ್ಮದರಲ್ಲೇನೋ ಎಡವಟ್ಟಾಗಿದೆ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ, ದೇವರಾಣೆ.

"ಇರಬಹುದಮ್ಮ. ನೋಡೋಣ" ಎಂದು ಅವರು ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದರು. ಹೊರ ಅಂಚಿನಿಂದ ಮೊದಲ ತೂತಿನ ನಡುವಿಗೆ ಅವರದು ಹದಿನೈದು ಸೆಂಟಿಮೀಟರ್. ನಕ್ಷೆ ಬಿಡಿಸಿದರು, ಅಲ್ಲೂ ಹದಿನೈದು. ಸ್ಕೇಲನ್ನು ನನ್ನ ಕೈಗೆ ಕೊಟ್ಟು ಅವರು ಆ ಕಡೆ ತಿರುಗಿ ಗೋಡೆಯ ಮೇಲಿನ ಉಳಿಗಳನ್ನು ನೋಡುತ್ತಾ ನಿಂತರು. ನಾನು ನನ್ನದನ್ನು ಅಳೆದೆ. ಹದಿನಾಲ್ಕು. ಅಚ್ಚುಪಟ್ಟಿ ತಂದು ಅಳೆದೆ. ಹದಿನಾಲ್ಕು.

ಹೇಗಾಯಿತೆಂದು ನನಗೆ ಅಲ್ಲೇ ಹೊಳೆಯಿತು. ಹಳೆಯ ಟೇಪುಗಳ ತುದಿಯ ಕೊಕ್ಕೆ ಸಡಿಲವಾಗಿರುತ್ತದೆ, ಅದನ್ನು ನಂಬಿದರೆ ಕೂದಲಿನಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಹಾಗಾಗಿ ನಾಜೂಕಿನ ಕೆಲಸಕ್ಕೆ ಕೊಕ್ಕೆಯ ಕಡೆಯ ಒಂದು ಸೆಂಟಿಮೀಟರ್ ಬಿಟ್ಟು, ಒಂದರ ಗೆರೆಯನ್ನೇ ಅಂಚಿಗೆ ಹಿಡಿದು ಅಳೆಯುವುದು ನಮ್ಮಪ್ಪ ಕಲಿಸಿದ ಪದ್ಧತಿ. ಆಗ ಹದಿನೈದು ಬೇಕಾದರೆ ಹದಿನಾರರಲ್ಲಿ ಗುರುತು ಹಾಕಬೇಕು. ನಾನು ಒಂದರಿಂದ ಹಿಡಿದು ಹದಿನೈದರಲ್ಲೇ ಗುರುತು ಹಾಕಿದ್ದೆ. ಎರಡನೆಯ ತೂತಿಗೂ ಹಾಗೆಯೇ. ಕೂದಲೆಳೆಯ ತಪ್ಪು ತಪ್ಪಿಸಲು ಹೋಗಿ ಬೆರಳಗಲದ ತಪ್ಪು ಮಾಡಿದ್ದೆ. ಬೇಜವಾಬ್ದಾರಿಯಿಂದ ಆಗಿದ್ದರೆ ಇಷ್ಟು ಮೈ ಉರಿಯುತ್ತಿರಲಿಲ್ಲ.

ಅಚ್ಚುಪಟ್ಟಿಯಲ್ಲಿ ಕೊರೆದ ಆರೂ ಒಂದೇ ಥರ ತಪ್ಪು, ಅದಕ್ಕೇ ಒಂದಕ್ಕೊಂದು ಕೂತವು. ಎಂಟರಲ್ಲಿ ಸರಿಯಾಗಿದ್ದದ್ದು ಎರಡೇ. ಆ ಎರಡನ್ನು ನಾನು ಹೊರಗೆ ಹಾಕಿದ್ದೆ.

ಅಧ್ಯಕ್ಷರು ಹೋದಮೇಲೆ ಪಟ್ಟಿಯನ್ನು ಮಂಡಿಗೆ ಕೊಟ್ಟು ಮುರಿಯಲು ನೋಡಿದೆ. ಮುರಿಯಲಿಲ್ಲ, ಗಟ್ಟಿ ಮರ. ಗರಗಸದಲ್ಲಿ ಕೊಯ್ದು ಎರಡು ಹೋಳು ಮಾಡಿ ಕಸಕ್ಕೆಸೆದೆ. ಸಮಾಧಾನವಾಗಲಿಲ್ಲ.

ಆ ಸಂಜೆಯೇ ಕ್ಲಬ್ಬಿನವರನ್ನು ಶೆಡ್ಡಿಗೆ ಕರೆಸಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ಅಚ್ಚು ತಪ್ಪಾಗಿತ್ತು. ತಪ್ಪು ನಂದು. ಮೈದುನ ಮಾಡಿದ್ದೇ ಸರಿ" ಎಂದೆ. ಎಲ್ಲರೂ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಯಾರೂ ಬೀಳಲಿಲ್ಲ. ಬಸ್ ಡ್ರೈವರ್ ಎಲೆಕ್ಟ್ರಿಷಿಯನ್ನಿನ ಮುಖ ನೋಡಿದ, ಎಲೆಕ್ಟ್ರಿಷಿಯನ್ ತನ್ನ ಚಪ್ಪಲಿ ನೋಡಿಕೊಂಡ.

"ಗೊತ್ತಿತ್ತು ಮೇಡಂ" ಎಂದ.

"ಏನು ಗೊತ್ತಿತ್ತು?"

"ಅವತ್ತು ನೀವು ಹೋದ್ಮೇಲೆ ನಕ್ಷೆ ಇಟ್ಕೊಂಡು ಅಳೆದ್ವಿ. ಟೈಲರಣ್ಣಂದೇ ಸರಿ ಅಂತ ಗೊತ್ತಾಯ್ತು. ನಮ್ದೆಲ್ಲ ಒಂದು ಸೆಂಟಿಮೀಟರ್ ಕಮ್ಮಿ."

"ಮೂರು ವಾರ! ಮೂರು ವಾರದಿಂದ ಗೊತ್ತಿಟ್ಕೊಂಡು ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ರೇಸಿನ ದಿನ ಹೊಳೆಯಾಚೆಯವರ ಮುಂದೆ ಮಾನ ಹೋಗ್ಲಿ ಅಂತಾನಾ? ಅವನನ್ನ ಅಷ್ಟು ಬೈದಾಗ ಒಬ್ಬರಿಗೂ ಬಾಯಿ ಇರ್ಲಿಲ್ವಾ?"

"ಯಾರು ಹೇಳ್ಬೇಕಿತ್ತು ಮೇಡಂ?" ಎಂದ ಬಸ್ ಡ್ರೈವರ್. ಜಗಳಕ್ಕೆ ಕೇಳಿದ್ದಲ್ಲ. ನಿಜಕ್ಕೂ ಉತ್ತರ ಬೇಕಾದವನಂತೆ ಕೇಳಿದ. "ನಾವು ಚೀಟಿ ಹಾಕೋಣ ಅಂತಿದ್ವಿ. ಯಾರ ಹೆಸ್ರು ಬರತ್ತೋ ಅವ್ರು ಹೇಳೋದು ಅಂತ. ಆಮೇಲೆ ಚೀಟಿ ಎತ್ತೋಕೂ ಯಾರೂ ಬರ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ನಾನು ಗಂಡನ ಕಡೆ ತಿರುಗಿದೆ.

"ನಿಮಗೂ ಗೊತ್ತಿತ್ತಾ?"

"ಅವನೇ ಫೋನ್ ಮಾಡಿ ಹೇಳಿದ್ದ" ಎಂದರು ಅವರು. "ಟೇಬಲ್ ತರೋಕೆ ಮುಂಚೆ. ಅತ್ತಿಗೆಗೆ ಹೇಗೆ ಹೇಳೋದು ಅಂತ ನನ್ನ ಕೇಳ್ದ. ನೀನೇ ಹೇಳಪ್ಪಾ, ನಂಗೆ ಧೈರ್ಯ ಇಲ್ಲ ಅಂದೆ."

ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಮನುಷ್ಯ ಎಲ್ಲರೆದುರು ಹೀಗೆಂದರು. ನನಗೆ ಕೂಗಬೇಕೆನಿಸಿತು. ಕೂಗಿದರೆ ಅವರು ಹೇಳಿದ್ದೇ ನಿಜವೆಂದಾಗುತ್ತದೆ, ಸುಮ್ಮನಿದ್ದರೆ ಎದೆ ಒಡೆಯುತ್ತದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ, ಅದನ್ನು ಇಳಿಸಲು ಅಲ್ಲಿ ಯಾರೂ ಸಿಗಲಿಲ್ಲ. "ಹೋಗಿ ಎಲ್ಲರೂ" ಎಂದೆ. ಹೋದರು.

ಮರುದಿನ ಬೆಳಿಗ್ಗೆ ಮೈದುನನ ಅಂಗಡಿಗೆ ಹೋದೆ. ಕ್ಷಮೆ ಕೇಳಲು ಹೋದೆನೋ, ತಿರುವು ಟೇಬಲ್ಲು ಕೇಳಲು ಹೋದೆನೋ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಎರಡಕ್ಕೂ ಎಂಬುದೇ ನಿಜ. ನನ್ನ ತಿರುವಿನಲ್ಲಿ ರೇಸು ನಡೆಯುವಂತಿರಲಿಲ್ಲ.

ಅಂಗಡಿ ಎಂದರೆ ಒಂದು ಬಾಗಿಲಿನ ಉದ್ದನೆಯ ಕೋಣೆ. ಹ್ಯಾಂಗರಿನಲ್ಲಿ ಅರ್ಧ ಹೊಲಿದ ಕೋಟುಗಳು, ನೆಲದ ತುಂಬ ನೂಲಿನ ಚೂರು, ಗಾಳಿಯಲ್ಲಿ ಇಸ್ತ್ರಿಯ ಹಬೆ. ಒಂದು ತಿರುವು ಟೇಬಲ್ಲು ಗೋಡೆಗೆ ಒರಗಿತ್ತು. ಇನ್ನೊಂದರ ಮೇಲೆ ರಟ್ಟು ಹಾಸಿ, ಅದರ ಮೇಲೆ ಬಟ್ಟೆ ಹರಡಿ ಅವನು ಕಾಲರು ಕತ್ತರಿಸುತ್ತಿದ್ದ.

"ತಪ್ಪು ನಂದು" ಎಂದೆ ಬಾಗಿಲಲ್ಲೇ ನಿಂತು. "ಅಚ್ಚಲ್ಲೇ ತಪ್ಪಿತ್ತು. ನೀನು ಮಾಡಿದ್ದು ಸರಿ. ಅವತ್ತು ಅಷ್ಟು ಜನರ ಮುಂದೆ ನಾನು ಹಾಗೆ ಮಾತಾಡ್ಬಾರ್ದಿತ್ತು."

"ಆಯ್ತು ಬಿಡಿ ಅತ್ತಿಗೆ" ಎಂದ. ಕತ್ತರಿ ನಿಲ್ಲಲಿಲ್ಲ.

"ನಿನ್ನ ಟೇಬಲ್ ಇಲ್ದೆ ರೇಸು ಆಗಲ್ಲ."

"ತಗೊಂಡ್ಹೋಗಿ. ಟೇಬಲ್ ಮಾಡಿದ್ದೇ ಅದಕ್ಕಲ್ವಾ. ರೇಸು ಮುಗಿದ್ಮೇಲೆ ವಾಪಸ್ ತಂದ್ಕೊಡಿ, ಬಟ್ಟೆ ಕತ್ತರಿಸೋಕೆ ಚೆನ್ನಾಗಿದೆ."

"ನೀನು?"

"ನಾನು ಬರಲ್ಲ."

"ಬರಲ್ಲ ಅಂದ್ರೆ?" ನನ್ನ ದನಿ ಏರಿತು. ನಾನು ಏರಿಸಿದ್ದಲ್ಲ, ಅದಾಗಿಯೇ ಏರಿತು. "ಬಂದು ತಪ್ಪೊಪ್ಪಿಕೊಂಡಿದ್ದೀನಲ್ಲ, ಇನ್ನೇನು..."

ಕತ್ತರಿ ನಿಂತಿತು. ಅವನು ತಲೆಯೆತ್ತಲಿಲ್ಲ. ಎರಡೂ ಭುಜ ಕಿವಿಯ ಕಡೆಗೆ ಸ್ವಲ್ಪ ಮೇಲೆ ಹೋದವು, ಕುತ್ತಿಗೆ ಒಳಗೆ ಹೋಯಿತು. ಐವತ್ತೈದು ವರ್ಷದ ಗಂಡಸು, ತಲೆ ಪೂರ್ತಿ ನರೆತವನು, ಪೆಟ್ಟು ಬೀಳುವುದನ್ನು ಕಾಯುವವನಂತೆ ಕೂತ. ನಾನು ಯಾವತ್ತೂ ಯಾರಿಗೂ ಕೈಯೆತ್ತಿದವಳಲ್ಲ. ಹಾಗಿದ್ದರೂ ನನ್ನ ದನಿ ಏರಿದರೆ ಏನು ಮಾಡಬೇಕೆಂದು ಆ ಭುಜಗಳಿಗೆ ಚೆನ್ನಾಗಿ ಗೊತ್ತಿತ್ತು. ಟೇಬಲ್ಲುಗಳನ್ನು ಕೈಗಾಡಿಗೆ ಹಾಕಿಕೊಂಡು ಬಂದೆ.

ಮುಂದಿನ ಹತ್ತು ದಿನ ಆರು ಟೇಬಲ್ಲಿನ ಹನ್ನೆರಡು ತುದಿ ನಾನೊಬ್ಬಳೇ ಸರಿಪಡಿಸಿದೆ. ಹಳೆಯ ಗೂಟ ಕಿತ್ತು, ಹಳೆಯ ತೂತಿಗೆ ಅಂಟು ಹಚ್ಚಿದ ಮರ ಬಡಿದು, ಒಣಗಲು ಬಿಟ್ಟು, ಕೀಸಿ, ಹೊಸ ತೂತು ಕೊರೆದೆ. ಗಂಡ ಸಹಾಯಕ್ಕೆ ಬಂದರು, ಬೇಡವೆಂದೆ. ಮೂರನೆಯ ದಿನ ಮತ್ತೆ ಬಂದು ಕೇಳದೆಯೇ ಅಂಟಿನ ಡಬ್ಬ ಹಿಡಿದು ಪಕ್ಕದಲ್ಲಿ ಕೂತರು. "ಅಂಟು ಜಾಸ್ತಿ ಹಾಕ್ತಿದ್ದೀಯ" ಎಂದರು. ಅವರ ಕಡೆ ಕೆಂಗಣ್ಣು ಬಿಟ್ಟೆ, ಆಮೇಲೆ ಕಡಿಮೆ ಹಾಕಿದೆ.

ರೇಸು ಚೆನ್ನಾಗಿಯೇ ನಡೆಯಿತು. ಎರಡು ಊರಿನ ಟೇಬಲ್ಲುಗಳು ಕೂದಲೂ ತೂರದಂತೆ ಕೂಡಿದವು. ಮೈದುನನ ತಿರುವಿನಲ್ಲಿ ಕಾರುಗಳು ವೇಗ ಇಳಿಸದೆ ಹರಿದವು, ಒಂದೂ ಹಾರಲಿಲ್ಲ. ಬಸ್ ಡ್ರೈವರ್ ಮೊದಲ ಸಲ ಕೊನೆಯವನಾಗಲಿಲ್ಲ, ಕೊನೆಯವನಿಗಿಂತ ಒಂದು ಸ್ಥಾನ ಮೇಲೆ ಬಂದ. ಈ ತಿರುವು ಯಾರ ಕೈಕೆಲಸ ಎಂದು ಹೊಳೆಯಾಚೆಯ ಅಧ್ಯಕ್ಷರು ಕೇಳಿದರು. "ನನ್ನ ಮೈದುನಂದು. ಸರಿ ಮಾಡಿದ್ದಕ್ಕೆ ಬೈದು ಕಳ್ಸಿದೀನಿ" ಎಂದು ಹಾಲಿಗೆಲ್ಲ ಕೇಳುವಂತೆ ಹೇಳಿದೆ. ಅವರು ತಲೆಯಾಡಿಸಿದರು. ಚಪ್ಪಾಳೆ, ಫೋಟೋ ಎಲ್ಲ ಆಯಿತು. ಹೊಗಳಿಕೆ ಸಲ್ಲಬೇಕಾದವನು ಬಟ್ಟೆ ಹೊಲಿಯುತ್ತಾ ಕೂತಿದ್ದ, ಚಪ್ಪಾಳೆ ಹೊಡೆಸಿಕೊಂಡವಳು ನಾನು. ಆ ಚಪ್ಪಾಳೆಯ ಮೇಲೂ ನನಗೆ ಸಿಟ್ಟೇ ಬಂತು.

ಮರುದಿನ ಹನ್ನೊಂದು ಗಂಟೆಗೆ ಟೇಬಲ್ಲುಗಳನ್ನು ವಾಪಸ್ ತೆಗೆದುಕೊಂಡು ಹೋದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಮೈದುನ ಹೊರಗೆ ಬಂದು ಕೈಗಾಡಿಯಿಂದ ಮೊದಲನೆಯದನ್ನು ಇಳಿಸಿದ. ಅಂಚಿನ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಬಗ್ಗಿ ನೋಡಿದ. ತಿರುವಿನ ಹೊರ ಸೀಳಿನ ಬಾಯಿ ಗೇಣುದ್ದ ಸಿಬಿರೆದ್ದಿತ್ತು, ತಾಮ್ರದ ಪಟ್ಟಿಯೂ ಸುಲಿದಿತ್ತು.

"ಇದನ್ನ ಯಾರು ಹಾಕಿದ್ದು ಗಾಡಿಗೆ?"

"ನಾನೇ."

"ಹಗ್ಗ ಹೀಗಾ ಕಟ್ಟೋದು? ಸೀಳಿನ ಮೇಲೆ?" ಅವನ ಮುಖ ಕೆಂಪಾಗಿತ್ತು. "ಮಧ್ಯ ಒಂದು ಬಟ್ಟೆ ಇಡ್ಬೇಕು ಅಂತ ಗೊತ್ತಾಗಲ್ವಾ? ಮೂವತ್ತು ವರ್ಷ ಮರದ ಕೆಲ್ಸ ಮಾಡಿದೀರಂತೆ! ಮೂರು ತಿಂಗಳು ಕೂತ್ಕೊಂಡು ಮಾಡಿದೀನಿ ಅತ್ತಿಗೆ ಇದನ್ನ. ಮೂರು ತಿಂಗಳು! ಚೆನ್ನಾಗಿದೆ ಅಂತ ಒಂದು ಮಾತು ಬಂತಾ ನಿಮ್ಮ ಬಾಯಿಂದ?"

ಗಿರಾಕಿಗಳು ಬಾಗಿಲಿಗೆ ಬಂದು ನಿಂತರು. ಎದುರು ಅಂಗಡಿಯವನೂ ಹೊರಗೆ ಬಂದ. ಮೈದುನನ ದನಿ ಬೀದಿ ದಾಟುವಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಟೇಬಲ್ಲಿನಿಂದ ಶುರುವಾದದ್ದು ಮದುವೆಯ ಹೊಸದರಲ್ಲಿ ನಾನು ಅವನಿಂದ ಮೂರು ಸಲ ಬಿಚ್ಚಿ ಹೊಲಿಸಿದ ರವಿಕೆಗೆ ಹೋಯಿತು, ಅಲ್ಲಿಂದ ಅವನ ಅಂಗಡಿಯ ಕಪಾಟನ್ನು ಕೇಳದೆಯೇ ಕಿತ್ತು ನಾನು ಬೇರೆ ಕೂರಿಸಿದ್ದಕ್ಕೆ ಬಂತು, ಅಲ್ಲಿಂದ ಅವನಣ್ಣನ ಬಾಯಿ ಕಟ್ಟಿದ್ದಕ್ಕೆ.

ಕಪಾಟು ಗೆದ್ದಲು ಹಿಡಿದಿತ್ತು. ಬೇಕಾದರೆ ಸಾಕ್ಷಿ ಕೊಡುತ್ತೇನೆ. ರಕ್ತ ಕುದಿಯುತ್ತಿತ್ತು, ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಾಯಿ ಎರಡು ಸಲ ತೆರೆಯಿತು. ಎರಡು ಸಲವೂ ಮುಚ್ಚಿದೆ. ಕೈಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತೆ. ಅವನ ಭುಜಗಳು ಇರಬೇಕಾದ ಜಾಗದಲ್ಲಿದ್ದವು. ಅವನಿನ್ನೂ ಮುಗಿಸಿರಲಿಲ್ಲ.